ಆ ಇನ್ನರ್ಧ ಕೋರ್ ಎಲ್ಲಿದೆ ಅಂತ ಕೇಳಿ

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಎಂಟು ವರ್ಷದಿಂದ ಕೆನಡಾದ ಕ್ಯಾಲ್ಗರಿಯಲ್ಲಿದೀನಿ. ಇಲ್ಲಿನ ಒಂದು ಸಣ್ಣ ಚಿನ್ನದ ಗಣಿ ಕಂಪನಿ ಷೇರಿಗೆ 18,000 ಡಾಲರ್ ಹಾಕಿದೀನಿ. ಇನ್ನೂ ಗಣಿ ಶುರುವಾಗಿಲ್ಲ, ಡ್ರಿಲ್ಲಿಂಗ್ ನಡೀತಿದೆ ಅಷ್ಟೇ. ಕಳೆದ ತಿಂಗಳು "38 ಮೀಟರ್ ಉದ್ದಕ್ಕೆ ಟನ್ನಿಗೆ 4.2 ಗ್ರಾಂ ಚಿನ್ನ, ಅದರೊಳಗೆ 1 ಮೀಟರ್‌ಗೆ 130 ಗ್ರಾಂ" ಅಂತ ಪ್ರಕಟಣೆ ಕೊಟ್ರು, ಷೇರು ಡಬಲ್ ಆಯ್ತು, ಎರಡು ವಾರದಲ್ಲಿ ವಾಪಸ್ ಇಳೀತು. ಈಗ ನಮ್ಮ ಫ್ರೆಂಡ್ಸಲ್ಲಿ ಎರಡು ಪಾರ್ಟಿ ಆಗಿದೆ, ಒಂದು ಪಾರ್ಟಿ ಇದು ಪಕ್ಕಾ ಮೋಸ, ಇನ್ನೊಂದು ಬ್ರೀ-ಎಕ್ಸ್ ಹಗರಣ ಅಂತಾರೆ, ಇನ್ನೊಂದು ಪಾರ್ಟಿ ಮ್ಯಾನೇಜ್‌ಮೆಂಟ್ ಒಳ್ಳೇದು, ಪಕ್ಕದಲ್ಲೇ ದೊಡ್ಡ ಗಣಿ ಇದೆ, ಇಳಿದಾಗಲೇ ತಗೋಬೇಕು ಅಂತಾರೆ. ಊರಲ್ಲಿರೋ ನಮ್ಮ ಭಾವ ಬೇರೆ 6 ಲಕ್ಷ ಕಳಿಸ್ತೀನಿ ನಂದೂ ಹಾಕು ಅಂತಿದಾರೆ. ಯಾರ ಮಾತು ನಂಬೋದು?

ಉತ್ತರ: ಜಗಳ ಸ್ವಲ್ಪ ಬದಿಗಿಡಿ, ಮೊದಲು ಆ ಪ್ರಕಟಣೆಯ ಲೆಕ್ಕ ಮಾಡೋಣ, ಒಂದು ಪೆನ್ನು ಒಂದು ಚೀಟಿ ಸಾಕು. 38ನ್ನ 4.2ರಿಂದ ಗುಣಿಸಿದ್ರೆ 159.6. ಅದರಲ್ಲಿ ಒಂದೇ ಒಂದು ಮೀಟರ್‌ನ ಪಾಲು 130. ಕಳೆದ್ರೆ ಉಳಿಯೋದು 29.6. ಅದನ್ನ ಮಿಕ್ಕ 37 ಮೀಟರ್‌ಗೆ ಹಂಚಿ, ಟನ್ನಿಗೆ 0.8 ಗ್ರಾಂ ಬರತ್ತೆ. ಅಂದ್ರೆ ಅಲ್ಲಿ ಸಿಕ್ಕಿರೋದು 38 ಮೀಟರ್ ಉದ್ದಕ್ಕೂ ನಾಲ್ಕು ಗ್ರಾಂ ಇರೋ ಬಂಡೆ ಅಲ್ಲ, ಒಂದು ಮೀಟರ್ ಭಾರಿ ಶ್ರೀಮಂತ ಬಂಡೆ, ಅದರ ಹಿಂದೆ ಮುಂದೆ 37 ಮೀಟರ್ ಬಡ ಬಂಡೆ. 0.8 ಗ್ರಾಂ ಅನ್ನೋದು ಮೇಲಿಂದ ತೋಡಿಕೊಂಡು ಹೋಗೋ ಓಪನ್ ಪಿಟ್‌ನಲ್ಲಿ ಕೆಲವು ಕಡೆ ಗಿಟ್ಟತ್ತೆ, ಸುರಂಗ ಹೊಡೆದು ತೆಗೆಯೋ ಗಣೀಲಿ ಗಿಟ್ಟಲ್ಲ. ಇಷ್ಟಾದರೂ ಕಂಪನಿ ಸುಳ್ಳು ಹೇಳಿದೆ ಅಂತ ನಾನು ಹೇಳ್ತಿಲ್ಲ, "ಅದರೊಳಗೆ 1 ಮೀಟರ್‌ಗೆ 130" ಅಂತ ಅವರೇ ಬರೆದಿದಾರೆ, ಕೆನಡಾ ನಿಯಮದ ಪ್ರಕಾರ ಬರೀಲೇಬೇಕು. ಆದರೆ ಜನ ಮೊದಲನೇ ಸಾಲು ಓದಿ ಕೊಂಡ್ರು, ಎರಡು ವಾರ ಆದಮೇಲೆ ಎರಡನೇ ಸಾಲು ಓದಿ ಮಾರಿದ್ರು.

ಈಗ ಆ 130 ಗ್ರಾಂ ಅಂದ್ರೆ ಏನು ಅಂತ ಹತ್ತಿರದಿಂದ ನೋಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಯ ಇಡೀ ಗಂಟು ಇಲ್ಲೇ ಇರೋದು. ಡ್ರಿಲ್ಲಿಂಗ್ ಮಷಿನ್ನಿಂದ ಹೊರಗೆ ಬರೋ ಕೋರ್ ಅಂದ್ರೆ ಉದ್ದನೆ ಕಲ್ಲಿನ ಕೋಲು, ಸಾಮಾನ್ಯವಾಗಿ ಸುಮಾರು 48 ಮಿಲಿಮೀಟರ್ ದಪ್ಪ, ಹೆಚ್ಚುಕಮ್ಮಿ ಲಟ್ಟಣಿಗೆ ಅಷ್ಟು. ಅದನ್ನ ಉದ್ದುದ್ದಕ್ಕೆ ಗರಗಸದಲ್ಲಿ ಸೀಳ್ತಾರೆ, ಅರ್ಧ ಚೀಲಕ್ಕೆ ಹಾಕಿ ಲ್ಯಾಬಿಗೆ ಕಳಿಸ್ತಾರೆ, ಇನ್ನರ್ಧ ಬಾಕ್ಸಲ್ಲೇ ಇಟ್ಕೋತಾರೆ. ಒಂದು ಮೀಟರ್‌ನ ಅರ್ಧ ಕೋರ್ ತೂಕ ಸುಮಾರು ಎರಡೂವರೆ ಕೆಜಿ. ಟನ್ನಿಗೆ 130 ಗ್ರಾಂ ಅಂದ್ರೆ ಕೆಜಿಗೆ 130 ಮಿಲಿಗ್ರಾಂ, ಅಲ್ಲಿಗೆ ಆ ಎರಡೂವರೆ ಕೆಜಿ ಕಲ್ಲಲ್ಲಿ ಇದ್ದ ಚಿನ್ನ ಸುಮಾರು 0.3 ಗ್ರಾಂ. ಚಿನ್ನ ಬಹಳ ಭಾರದ ಲೋಹ, ಹಂಗಾಗಿ 0.3 ಗ್ರಾಂ ಅಂದ್ರೆ ಗಾತ್ರದಲ್ಲಿ ಒಂದು ಅಕ್ಕಿಕಾಳು. ನಿಮ್ಮ ಪ್ರಕಟಣೇನ 0.8ರಿಂದ 4.2ಕ್ಕೆ ಎತ್ತಿ ನಿಲ್ಲಿಸಿದ್ದು, ಷೇರನ್ನ ಡಬಲ್ ಮಾಡಿದ್ದು, ನಿಮ್ಮ ಫ್ರೆಂಡ್ಸ್ ನಡುವೆ ಮನಸ್ತಾಪ ತಂದಿದ್ದು ಆ ಒಂದು ಅಕ್ಕಿಕಾಳಿನಷ್ಟು ಚಿನ್ನ. ಅದು ಗರಗಸದ ಈ ಕಡೆ ಅರ್ಧದಲ್ಲಿ ಕೂತಿತ್ತು, ಆ ಕಡೆ ಅರ್ಧದಲ್ಲಿ ಕೂತಿದ್ರೆ ಪ್ರಕಟಣೆಯೇ ಬರ್ತಿರಲಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ, ನಾನು ಕಣ್ಣಾರೆ ಕಂಡಿದ್ದು. 1998ರ ಬೇಸಿಗೆ, ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆ ಒಂದು ಖಾಸಗಿ ಕಂಪನಿಯ ಹುಡುಕಾಟದ ಕ್ಯಾಂಪಲ್ಲಿ ಕೋರ್ ಲಾಗಿಂಗ್ ನನ್ನ ಕೆಲಸ, ಅಂದ್ರೆ ಬಂದ ಕೋರ್ ನೋಡಿ ವಿವರ ಬರೆದಿಡೋದು. ತಗಡಿನ ಶೆಡ್ಡು, ಮಧ್ಯಾಹ್ನದ ಹೊತ್ತಿಗೆ ಕೋರ್ ಬಾಕ್ಸ್ ಮುಟ್ಟಿದ್ರೆ ಕೈ ಚುರ್ ಅನ್ನೋದು. ಬೆಣಚುಕಲ್ಲಿನ ಒಂದು ತುಂಡನ್ನ ನೀರಲ್ಲಿ ಒದ್ದೆ ಮಾಡಿ ಬಿಸಿಲಿಗೆ ಹಿಡಿದು ತಿರುಗಿಸಿದ ನಮ್ಮ ಸ್ಯಾಂಪ್ಲರ್ ಒಬ್ರು ಸುಮ್ಮನೆ ನನ್ನ ಕಡೆ ಚಾಚಿದ್ರು, ಲೆನ್ಸ್ ಇಲ್ಲದೇನೇ ಕಾಣ್ತಿತ್ತು, ಕಲ್ಲಿನ ಬಿರುಕಲ್ಲಿ ಅರಿಶಿನದ ಚುಕ್ಕಿ ತರ. ಪೈರೈಟ್ ಆದ್ರೆ ತಿರುಗಿಸಿದಾಗ ಮಿಂಚಿ ಆರಿ ಹೋಗತ್ತೆ, ಚಿನ್ನ ಯಾವ ಕಡೆ ತಿರುಗಿಸಿದ್ರೂ ಅದೇ ಬಣ್ಣ, ಮೆತ್ತಗೆ ಇರತ್ತೆ, ಸೂಜಿ ಮೊನೇಲಿ ಒತ್ತಿದ್ರೆ ತಗ್ಗು ಬೀಳತ್ತೆ. ಆ ಮೀಟರ್‌ನ ಅರ್ಧ ಲ್ಯಾಬಿಗೆ ಹೋಯ್ತು, ಟನ್ನಿಗೆ 61 ಗ್ರಾಂ ಅಂತ ಬಂತು. ಕ್ಯಾಂಪಲ್ಲಿ ಹಬ್ಬ. ನಾನು ಹಠ ಮಾಡಿ ಬಾಕ್ಸಲ್ಲಿ ಉಳಿದಿದ್ದ ಇನ್ನರ್ಧಾನೂ ಕಳಿಸಿದೆ, 3 ಗ್ರಾಂ ಬಂತು. ಯಾರೂ ಕಳ್ಳತನ ಮಾಡಿರಲಿಲ್ಲ, ಲ್ಯಾಬೂ ತಪ್ಪು ಮಾಡಿರಲಿಲ್ಲ, ಒರಟು ಚಿನ್ನ ಇರೋ ಕಡೆ ಹಿಂಗೇ ಆಗತ್ತೆ, ನಮ್ಮ ಕಸುಬಲ್ಲಿ ಇದಕ್ಕೆ ನಗೆಟ್ ಎಫೆಕ್ಟ್ ಅಂತಾರೆ. ತಪ್ಪು ಆಗಿದ್ದು ಆಮೇಲೆ. ದುಡ್ಡು ಹಾಕೋರಿಗೆ ಹೋದ ರಿಪೋರ್ಟಲ್ಲಿ 61 ಇತ್ತು, 3 ಇರಲಿಲ್ಲ, ನಾನು ಬರೆದಿದ್ದ ಟಿಪ್ಪಣಿ ತೆಗೆದುಹಾಕಿದ್ರು. ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಕೊರೀತಿದೆ, ಒಂದು ವರ್ಷದೊಳಗೆ ಆ ಕೆಲಸ ಬಿಟ್ಟೆ.

ಹಂಗಾಗಿ "ಇದು ಮೋಸವೋ ಅಲ್ವೋ" ಅನ್ನೋ ನಿಮ್ಮ ಫ್ರೆಂಡ್ಸ್ ಜಗಳಾನೇ ಸರಿಯಾದ ಜಾಗದಲ್ಲಿ ನಡೀತಿಲ್ಲ ಅಂತ ನನ್ನ ಅಭಿಪ್ರಾಯ. ಮನುಷ್ಯ ಪ್ರಾಮಾಣಿಕನಾ ಅಂತ ದೂರದಿಂದ ನೋಡಿ ಹೇಳೋಕೆ ನಿಮಗೂ ಆಗಲ್ಲ ನನಗೂ ಆಗಲ್ಲ. ಕೇಳಬೇಕಾದ್ದು ಬೇರೆ. ಇವರು ಹೇಳಿದ್ದನ್ನ ಇವರಲ್ಲದ ಇನ್ನೊಬ್ಬರು, ಇವರ ಕೈ ದಾಟಿದ ಕಲ್ಲಿನ ಮೇಲೆ, ತಾವೇ ಪರೀಕ್ಷೆ ಮಾಡಿ ನೋಡಿದಾರಾ? ಮಾಡಬೇಕು ಅಂದ್ರೆ ಕಲ್ಲು ಉಳಿದಿದೆಯಾ?

ಬ್ರೀ-ಎಕ್ಸ್ ಹೆಸರು ಎತ್ತಿದ್ರಲ್ಲ, ಅದು ನೀವಿರೋ ಊರಿನ ಕಂಪನಿ, ಕ್ಯಾಲ್ಗರಿಯದ್ದು, ಡೇವಿಡ್ ವಾಲ್ಶ್ ಅನ್ನೋರು ಕಟ್ಟಿದ್ದು. 1993ರಲ್ಲಿ ಇಂಡೊನೇಷ್ಯಾದ ಬೋರ್ನಿಯೊ ದ್ವೀಪದ ಕಾಡಲ್ಲಿ ಬುಸಾಂಗ್ ಅನ್ನೋ ಜಾಗ ತಗೊಂಡ್ರು, ಜಾನ್ ಫೆಲ್ಡರ್‌ಹಾಫ್ ಅನ್ನೋ ಭೂವಿಜ್ಞಾನಿ ಸಲಹೆ ಮೇಲೆ, ಸೈಟಲ್ಲಿ ಕೆಲಸ ನೋಡ್ಕೊಂಡಿದ್ದು ಫಿಲಿಪೈನ್ಸ್‌ನ ಮೈಕೆಲ್ ಡಿ ಗುಜ್ಮನ್. ಅಂದಾಜು ವರ್ಷ ವರ್ಷ ಏರ್ತಾ ಹೋಯ್ತು, 1997ರ ಫೆಬ್ರವರಿ ಹೊತ್ತಿಗೆ 7.1 ಕೋಟಿ ಔನ್ಸ್, ಅಂದ್ರೆ 2,200 ಟನ್ ಚಿನ್ನ. ನಮ್ಮ ಕೆಜಿಎಫ್ 120 ವರ್ಷ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿ ಕೊಟ್ಟಿದ್ದೇ ಸುಮಾರು 800 ಟನ್ನು, ಅಂಥಾ ಎರಡೂಮುಕ್ಕಾಲು ಕೆಜಿಎಫ್ ಒಂದೇ ಗುಡ್ಡದಲ್ಲಿ ಇದೆ ಅಂದಂಗಾಯ್ತು. ಸೆಂಟ್‌ಗಳಲ್ಲಿ ಸಿಗ್ತಿದ್ದ ಷೇರು, ಒಂದನ್ನ ಹತ್ತಾಗಿ ಒಡೆಯೋ ಮುಂಚಿನ ಲೆಕ್ಕದಲ್ಲಿ, 286 ಡಾಲರ್ ಮುಟ್ಟಿತು, ಕಂಪನಿ ಬೆಲೆ 600 ಕೋಟಿ ಕೆನಡಾ ಡಾಲರ್ ದಾಟಿತು. ಆಲ್ಬರ್ಟಾದ ಸೇಂಟ್ ಪಾಲ್ ಅನ್ನೋ ಸಣ್ಣ ಊರಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹರಡಿ ಎಷ್ಟೋ ಜನ ಕೊಂಡ್ರು. ಸಾಮಾನ್ಯ ಜನ ಮಾತ್ರ ಅಲ್ಲ, ಒಂಟಾರಿಯೊ ಮೇಷ್ಟರುಗಳ ಪೆನ್ಶನ್ ಫಂಡು, ಕ್ವಿಬೆಕ್‌ನ ಸರ್ಕಾರಿ ಪೆನ್ಶನ್ ಫಂಡು ಕೂಡ ಕೊಂಡವು, ಕೊನೆಗೆ ಕೋಟಿಗಟ್ಟಲೆ ಕಳಕೊಂಡವು.

ಆಗಲೂ ಅನುಮಾನದವರು ಇದ್ರು, ನಂಬಿದವರು ಇದ್ರು, ಥೇಟ್ ನಿಮ್ಮ ಫ್ರೆಂಡ್ಸ್ ತರಾನೇ. ನಂಬಿದವರ ವಾದ ಏನು ಗೊತ್ತಾ, ದೊಡ್ಡ ಇಂಜಿನಿಯರಿಂಗ್ ಸಂಸ್ಥೆ ಲೆಕ್ಕ ಹಾಕಿ ಕೊಟ್ಟಿದೆ, ಲ್ಯಾಬು ಒಳ್ಳೇದು, ದೊಡ್ಡ ದೊಡ್ಡ ಗಣಿ ಕಂಪನಿಗಳು ಪಾಲಿಗೆ ಕಿತ್ತಾಡ್ತಿವೆ, ಇಂಡೊನೇಷ್ಯಾದ ಸುಹಾರ್ತೊ ಸರ್ಕಾರವೇ ಪಾಲು ಕೇಳ್ತಿದೆ, ಇಷ್ಟು ಜನ ಒಟ್ಟಿಗೆ ಮೋಸ ಹೋಗ್ತಾರಾ. ಇದರಲ್ಲಿ ಒಂದೊಂದೂ ನಿಜಾನೇ. ಸಂಸ್ಥೆ ಲೆಕ್ಕ ಹಾಕಿದ್ದು ನಿಜ, ಆದರೆ ಕಂಪನಿ ಕೊಟ್ಟ ನಂಬರ್ ಇಟ್ಕೊಂಡು. ಲ್ಯಾಬು ಸರಿಯಾಗೇ ಅಳೆದಿತ್ತು, ಆದರೆ ಚೀಲ ಲ್ಯಾಬಿಗೆ ಬರೋ ಮುಂಚೆನೇ ಅದರೊಳಗೆ ಚಿನ್ನದ ಪುಡಿ ಸೇರಿಸಿಬಿಟ್ಟಿದ್ರು. ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತಿದ್ರು, ಎಲ್ಲರಿಗಿಂತ ಕೆಳಗಿದ್ದವನ ಕಾಲಡಿ ನೆಲ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸುಳಿವು ಎಲ್ಲರ ಕಣ್ಣೆದುರೇ ಇತ್ತು. ಬುಸಾಂಗ್‌ನಲ್ಲಿ ಅರ್ಧ ಕೋರ್ ಇಟ್ಕೊಳ್ತಿರಲಿಲ್ಲ. ಸಣ್ಣ ಒಂದು ತುಂಡು ಗುರುತಿಗೆ ಇಟ್ಕೊಂಡು ಮಿಕ್ಕಿದ್ದಷ್ಟೂ ಪುಡಿ ಮಾಡೋಕೆ ಕಳಿಸ್ತಿದ್ರು, ಕೇಳಿದ್ರೆ ಚಿನ್ನ ಒರಟಾಗಿದೆ, ಅರ್ಧ ಕಳಿಸಿದ್ರೆ ಸರಿಯಾದ ನಂಬರ್ ಬರಲ್ಲ ಅಂತ ಕಾರಣ. ನೋಡಿ, ಕಾರಣ ಕೇಳೋಕೆ ತಾಂತ್ರಿಕವಾಗಿ ಸರೀನೇ ಇದೆ, ಈಗ ತಾನೇ ನಾನೂ ನಿಮಗೆ ಅದನ್ನೇ ಹೇಳಿದೆ. ಆದರೆ ಅದರ ಪರಿಣಾಮ ಏನು ಅಂದ್ರೆ ಮತ್ತೊಬ್ಬರು ಬಂದು ತಿರುಗಿ ಪರೀಕ್ಷೆ ಮಾಡ್ತೀವಿ ಅಂದ್ರೆ ಕಲ್ಲೇ ಇಲ್ಲ. ಮೇಲಾಗಿ ಚಿನ್ನದ ಕಣಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕಣ ದುಂಡಗಿದೆ ಅಂತ ಬರೆದಿದ್ದೂ ಇತ್ತು. ಬಂಡೆಯಿಂದ ಬಿಡಿಸಿದ ಚಿನ್ನ ದುಂಡಗಿರಲ್ಲ, ಮೊನೆ ಮೊನೆ, ಕೊಕ್ಕೆ ಕೊಕ್ಕೆ, ಹರಿದ ತಗಡಿನ ತರ ಇರತ್ತೆ. ದುಂಡಗಿರೋದು ಹೊಳೆ ಚಿನ್ನ, ನೀರಲ್ಲಿ ಉರುಳಿ ಉರುಳಿ ನುಣ್ಣಗಾಗಿದ್ದು, ನಮ್ಮ ಕಡೆ ಜಾಲಗಾರರು ಹಳ್ಳದ ಮರಳು ತೊಳೆದು ತೆಗೀತಿದ್ರಲ್ಲ ಅಂಥದ್ದು. ಗುಡ್ಡದ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಲ್ಲಿ ಹೊಳೆ ಚಿನ್ನ ಹೆಂಗೆ ಬಂತು ಅಂತ ಒಬ್ಬರು ಕೂತು ಯೋಚನೆ ಮಾಡಿದ್ದಿದ್ರೆ ಸಾಕಿತ್ತು.

ಮುರಿದು ಬಿದ್ದಿದ್ದು ಹೆಂಗೆ ಅಂದ್ರೆ, ಅಮೆರಿಕದ ಫ್ರೀಪೋರ್ಟ್ ಕಂಪನಿ ಪಾಲುದಾರ ಆಗೋ ಮುಂಚೆ ತಾನೇ ಡ್ರಿಲ್ ಮಾಡಿ ನೋಡ್ತೀನಿ ಅಂತು. ಬ್ರೀ-ಎಕ್ಸ್ ಹೊಡೆದಿದ್ದ ರಂಧ್ರಗಳ ಪಕ್ಕದಲ್ಲೇ ಇನ್ನೊಂದೊಂದು ಹೊಡೆದ್ರು, ಇದಕ್ಕೆ ಟ್ವಿನ್ ಹೋಲ್ ಅಂತಾರೆ, ಚಿನ್ನ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. 1997ರ ಮಾರ್ಚ್ 19ಕ್ಕೆ ಡಿ ಗುಜ್ಮನ್ ಸೈಟಿಗೆ ವಾಪಸ್ ಹೋಗ್ತಿದ್ದಾಗ ಹೆಲಿಕಾಪ್ಟರಿಂದ ಕೆಳಗೆ ಬಿದ್ದು ತೀರಿಕೊಂಡ ಅಂತ ಸುದ್ದಿ ಬಂತು. ಒಂದು ವಾರಕ್ಕೆ ಫ್ರೀಪೋರ್ಟ್ ಫಲಿತಾಂಶ ಹೊರಬಿತ್ತು, ಷೇರು ಒಂದೇ ದಿನ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳೀತು. ಮೇ ಮೊದಲ ವಾರ ಸ್ಟ್ರಾತ್‌ಕೋನಾ ಅನ್ನೋ ಸಂಸ್ಥೆಯ ಗ್ರಹಾಂ ಫಾರ್ಕರ್‌ಸನ್ ಸ್ವತಂತ್ರ ಪರೀಕ್ಷೆ ಮಾಡಿ, ಇಷ್ಟು ದೊಡ್ಡ ಮಟ್ಟದ ಕಲಬೆರಕೆ ಗಣಿಗಾರಿಕೆ ಇತಿಹಾಸದಲ್ಲೇ ಆಗಿಲ್ಲ ಅನ್ನೋ ಅರ್ಥದ ರಿಪೋರ್ಟ್ ಕೊಟ್ರು. ಅಲ್ಲಿಗೆ ಮುಗೀತು. ವಾಲ್ಶ್ 1998ರಲ್ಲಿ ತೀರಿಕೊಂಡ್ರು, ಫೆಲ್ಡರ್‌ಹಾಫ್ ಮೇಲಿನ ಕೇಸಲ್ಲಿ 2007ರಲ್ಲಿ ಕೋರ್ಟು ಅವರನ್ನ ಖುಲಾಸೆ ಮಾಡ್ತು. ದುಡ್ಡು ಹಾಕಿದ ಜನಕ್ಕೆ ವಾಪಸ್ ಸಿಕ್ಕಿದ್ದು ಏನೂ ಇಲ್ಲ ಅಂತಾನೇ ಹೇಳಬೇಕು.

ಇದನ್ನ ಕೇಳಿ ನಿಮ್ಮ ಅನುಮಾನದ ಪಾರ್ಟಿಯವರು ನೋಡಿದ್ರಾ ನಾವು ಹೇಳಿದ್ದೇ ಸರಿ ಅನ್ನಬಹುದು. ಅವರಿಗೆ ಇನ್ನೊಂದು ಕತೆ ಹೇಳಿ, ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜಾಕ್‌ದು. ಪ್ರೆಟಿಯಂ ಅನ್ನೋ ಕಂಪನಿ, ಅಲ್ಲಿ ಚಿನ್ನ ಕಣ್ಣಿಗೆ ಕಾಣೋ ಅಷ್ಟು ಒರಟು, ಒಂದು ಮೀಟರಲ್ಲಿ ಏನೂ ಇಲ್ಲ ಮುಂದಿನ ಮೀಟರಲ್ಲಿ ಸಾವಿರಾರು ಗ್ರಾಂ. ಇದನ್ನ ನಂಬೋದು ಹೆಂಗೆ ಅಂತ 10,000 ಟನ್ ಅದಿರನ್ನ ಒಟ್ಟಿಗೆ ತೆಗೆದು ಮಿಲ್ಲಿಗೆ ಹಾಕಿ ನೋಡೋಣ ಅಂತ ತೀರ್ಮಾನ ಮಾಡಿದ್ರು, ಬಲ್ಕ್ ಸ್ಯಾಂಪಲ್ ಅಂತ ಅದಕ್ಕೆ. ಮೇಲ್ವಿಚಾರಣೆಗೆ ಬಂದಿದ್ದು ಯಾರು ಅಂದ್ರೆ ಅದೇ ಸ್ಟ್ರಾತ್‌ಕೋನಾ, ಬ್ರೀ-ಎಕ್ಸ್ ಬಯಲು ಮಾಡಿದವರು. 2013ರ ಅಕ್ಟೋಬರಲ್ಲಿ ಅವರು ಅರ್ಧಕ್ಕೆ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು, ಇಲ್ಲಿ ನಂಬೋ ಅಂಥ ನಿಕ್ಷೇಪವೇ ಇಲ್ಲ ಅಂದ್ರು, ಷೇರು ಕುಸೀತು, ಎಲ್ಲರ ಬಾಯಲ್ಲೂ ಬ್ರೀ-ಎಕ್ಸ್ ಹೆಸರೇ. ಆದರೆ ಲೆಕ್ಕ ಹಾಕಿದ್ದ ಇನ್ನೊಂದು ಸಂಸ್ಥೆ ಸ್ನೋಡನ್ ತನ್ನ ಮಾತಿಗೆ ನಿಂತಿತ್ತು. ಕೊನೆಗೆ ಮಿಲ್ಲಿಂದ ಬಂದಿದ್ದು 5,865 ಔನ್ಸ್, ನಿರೀಕ್ಷೆ ಇದ್ದಿದ್ದು ಸುಮಾರು 4,000. 2017ರಲ್ಲಿ ಗಣಿ ಶುರುವಾಯ್ತು. ಆಮೇಲೆ ಗ್ರೇಡ್, ಅಂದ್ರೆ ಟನ್ನಿಗೆ ಎಷ್ಟು ಗ್ರಾಂ ಅನ್ನೋದು, ಅವರು ಅಂದುಕೊಂಡಷ್ಟು ಬರಲಿಲ್ಲ ಅನ್ನೋದೂ ನಿಜ, ಆದರೆ ಚಿನ್ನ ಇತ್ತು, ಗಣಿ ನಡೀತು. ಸ್ಟ್ರಾತ್‌ಕೋನಾದವರು ಕೆಟ್ಟವರಲ್ಲ, ಸ್ನೋಡನ್‌ನವರು ಮೋಸಗಾರರಲ್ಲ, ಒಂದೇ ಬಂಡೆ ನೋಡಿ ಇಬ್ಬರು ದೊಡ್ಡ ತಜ್ಞರು ಪ್ರಾಮಾಣಿಕವಾಗಿ ಎರಡು ಮಾತು ಹೇಳಿದ್ರು. ಎಲ್ಲ ಅನುಮಾನಾನೂ ಬ್ರೀ-ಎಕ್ಸ್ ಆಗಲ್ಲ.

ಮೂರನೇ ತರಾನೂ ಒಂದಿದೆ, ಸಣ್ಣ ಷೇರುದಾರರನ್ನ ಇದು ಮೋಸಕ್ಕಿಂತ ಹೆಚ್ಚು ಸಲ ಮುಳುಗಿಸಿದೆ ಅಂತ ನನ್ನ ನಂಬಿಕೆ. ಒಂಟಾರಿಯೊದ ರೆಡ್ ಲೇಕ್ ಹತ್ರ ರೂಬಿಕಾನ್ ಅನ್ನೋ ಕಂಪನಿ ಫೀನಿಕ್ಸ್ ಅನ್ನೋ ಗಣಿ ಕಟ್ಟೇಬಿಡ್ತು, ಶಾಫ್ಟು, ಮಿಲ್ಲು ಎಲ್ಲ ರೆಡಿ. ಯಾರೂ ಚೀಲಕ್ಕೆ ಚಿನ್ನ ಬೆರೆಸಿರಲಿಲ್ಲ. ಆದರೆ ಒಳಗೆ ಹೋಗಿ ನೋಡಿದ್ರೆ ಡ್ರಿಲ್ ರಂಧ್ರಗಳ ನಡುವೆ ಅದಿರು ಹಿಂಗೇ ಹಬ್ಬಿದೆ ಅಂತ ಕಾಗದದ ಮೇಲೆ ಗೆರೆ ಎಳೆದಿದ್ರಲ್ಲ, ಅದು ಹಂಗೆ ಹಬ್ಬಿರಲಿಲ್ಲ, 2016ರ ಜನವರಿಯಲ್ಲಿ ನಿಕ್ಷೇಪದ ಅಂದಾಜು ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪಾಲಿಗೆ ಇಳೀತು. ಮೋಸ ಇಲ್ಲದೇನೂ ದುಡ್ಡು ಅಷ್ಟೇ ಖಾಲಿ. ನಿಮ್ಮ ಫ್ರೆಂಡ್ಸ್ ಎರಡು ಪಾರ್ಟಿಯವರೂ ಈ ಮೂರನೇದರ ಬಗ್ಗೆ ಮಾತೇ ಆಡ್ತಿಲ್ಲ.

ಪಕ್ಕದಲ್ಲೇ ದೊಡ್ಡ ಗಣಿ ಇದೆ ಅನ್ನೋ ವಾದಕ್ಕೆ ಬಂದ್ರೆ, ಬೇಲಿಯ ಆ ಕಡೆ ತೆಂಗಿನ ತೋಟದಲ್ಲಿ ಬೋರ್‌ವೆಲ್ ಉಕ್ಕಿತು ಅಂತ ಈ ಕಡೆ ನಮ್ಮ ಹೊಲದಲ್ಲೂ ಉಕ್ಕತ್ತೆ ಅಂದಂಗೆ. ದಾವಣಗೆರೆಯವರು ನೀವು, ಇದನ್ನ ಬಿಡಿಸಿ ಹೇಳಬೇಕಿಲ್ಲ. 1880ರ ಸುಮಾರಿಗೆ ಲಂಡನ್ ಜನ ವಯನಾಡು ನೀಲಗಿರಿ ಕಡೆ ಚಿನ್ನ ಅಂತ ಹತ್ತಾರು ಕಂಪನಿ ತೆಗೆದು ದುಡ್ಡು ಸುರಿದ್ರು, ಎರಡು ಮೂರು ವರ್ಷದಲ್ಲಿ ಎಲ್ಲ ಮುಳುಗಿದ್ವು. ಅದೇ ಹೊತ್ತಿಗೆ ಕೋಲಾರದಲ್ಲಿ ಶುರುವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಬಂಡವಾಳ ಹತ್ತತ್ರ ಖಾಲಿ ಮಾಡ್ಕೊಂಡು ಮುಚ್ಚೋ ಹಂತಕ್ಕೆ ಬಂತು, ಷೇರಿಗೆ ಬೆಲೆಯೇ ಇರಲಿಲ್ಲ, ಆಮೇಲೆ ಕ್ಯಾಪ್ಟನ್ ಪ್ಲಮ್ಮರ್ ಕೊನೇ ಪ್ರಯತ್ನ ಅಂತ ಆಳಕ್ಕೆ ಇಳಿಸಿದಾಗ ಚಾಂಪಿಯನ್ ರೀಫ್ ಸಿಕ್ಕಿತು, ಅದು 2001ರವರೆಗೆ ನಡೀತು. ಕೋಲಾರಕ್ಕೂ ವಯನಾಡಿಗೂ ಬಂದ ಜನ ಒಂದೇ, ಜ್ವರ ಒಂದೇ, ಬಂಡೆ ಬೇರೆ. ಮ್ಯಾನೇಜ್‌ಮೆಂಟ್ ಒಳ್ಳೇದು ಅನ್ನೋ ಮಾತೂ ಅಷ್ಟೇ, ಒಳ್ಳೆ ಮ್ಯಾನೇಜ್‌ಮೆಂಟ್ ಇಲ್ಲದಿರೋ ಚಿನ್ನಾನ ಬಂಡೆಯೊಳಗೆ ಹಾಕಕ್ಕಾಗಲ್ಲ.

ಹಂಗಾದ್ರೆ ಏನು ನೋಡಬೇಕು. ಬ್ರೀ-ಎಕ್ಸ್ ಆದಮೇಲೆ ಕೆನಡಾ ಸುಮ್ಮನೆ ಕೂರಲಿಲ್ಲ, 2001ರ ಫೆಬ್ರವರಿಯಿಂದ ಎನ್‌ಐ 43-101 ಅನ್ನೋ ನಿಯಮ ತಂದ್ರು. ಕಂಪನಿ ಏನೇ ತಾಂತ್ರಿಕ ಮಾತು ಹೇಳಿದ್ರೂ ಅದರ ಹಿಂದೆ ಒಬ್ಬ ಅರ್ಹ ತಜ್ಞನ ಹೆಸರು ಇರಬೇಕು, ಕ್ವಾಲಿಫೈಡ್ ಪರ್ಸನ್ ಅಂತಾರೆ, ಮತ್ತೆ ಟೆಕ್ನಿಕಲ್ ರಿಪೋರ್ಟ್ ಸೆಡಾರ್ ಪ್ಲಸ್ ಅನ್ನೋ ಸರ್ಕಾರಿ ಸೈಟಲ್ಲಿ ಯಾರು ಬೇಕಾದರೂ ಓದೋ ಹಂಗೆ ಇರಬೇಕು. ಇದು ಪುಕ್ಕಟೆ ಸಿಗತ್ತೆ, ಆದರೂ 18,000 ಡಾಲರ್ ಹಾಕೋರು ಅದನ್ನ ತೆಗೆದು ನೋಡಲ್ಲ, ಇದೇ ನನಗೆ ಬಹಳ ಬೇಜಾರಾಗೋ ವಿಷಯ. 200 ಪುಟ ಇರತ್ತೆ, ಎಲ್ಲ ಓದಬೇಡಿ. 11 ಮತ್ತೆ 12ನೇ ಅಧ್ಯಾಯ ತೆಗೀರಿ. 11ರಲ್ಲಿ ಸ್ಯಾಂಪಲ್ ಹೆಂಗೆ ತೆಗೆದ್ರು, ಚೀಲ ಯಾರ ಕೈಲಿತ್ತು, ಬೀಗ ಯಾರ ಹತ್ರ, ಯಾವ ಲ್ಯಾಬು ಅನ್ನೋದು ಇರತ್ತೆ. ಸಾಮಾನ್ಯವಾಗಿ ಇಪ್ಪತ್ತು ಚೀಲಕ್ಕೆ ಒಂದರಂತೆ ಗ್ರೇಡ್ ಮೊದಲೇ ಗೊತ್ತಿರೋ ಪುಡಿ, ಹಂಗೇ ಚಿನ್ನವೇ ಇಲ್ಲದ ಖಾಲಿ ಕಲ್ಲು, ಎರಡನ್ನೂ ಲ್ಯಾಬಿಗೆ ಹೇಳದೆ ನಡುವೆ ತೂರಿಸ್ತಾರೆ, ಖಾಲಿ ಕಲ್ಲಲ್ಲೂ ಚಿನ್ನ ಬಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. 12ನೇ ಅಧ್ಯಾಯ ಇನ್ನೂ ಮುಖ್ಯ, ಅದು ಡೇಟಾ ವೆರಿಫಿಕೇಶನ್. ಸ್ವತಂತ್ರ ತಜ್ಞ ಸೈಟಿಗೆ ತಾನೇ ಹೋಗಿದ್ನಾ, ಯಾವಾಗ, ಎಷ್ಟು ದಿನ, ಬಾಕ್ಸಲ್ಲಿರೋ ಅರ್ಧ ಕೋರಿಂದ ತಾನೇ ತುಂಡು ಎತ್ತಿ ತಾನೇ ಆರಿಸಿದ ಲ್ಯಾಬಿಗೆ ತಾನೇ ಕಳಿಸಿದ್ನಾ, ಬಂದ ನಂಬರ್ ಎಷ್ಟು. "ಕಂಪನಿ ಕೊಟ್ಟ ಮಾಹಿತಿ ಪರಿಶೀಲಿಸಿದ್ದೇನೆ" ಅಂತ ಒಂದು ಪ್ಯಾರಾದಲ್ಲಿ ಮುಗಿಸಿದ್ರೆ ಅದು ಪರಿಶೀಲನೆ ಅಲ್ಲ.

ಹಂಗೇ ಪ್ರಕಟಣೆಯ ಕೊನೇಲಿ ಸಣ್ಣ ಅಕ್ಷರದಲ್ಲಿ "ನಿಜವಾದ ದಪ್ಪ ಇನ್ನೂ ಗೊತ್ತಿಲ್ಲ" ಅಂತ ಬರೆದಿದಾರಾ ನೋಡಿ. ಒಂದು ಬಾಗಿಲ ಹಲಗೇನ ಅಡ್ಡ ಕೊರೆದ್ರೆ ಒಂದು ಇಂಚು ಮರ, ಅದೇ ಹಲಗೇನ ಮೇಲಿಂದ ಕೆಳಕ್ಕೆ ಉದ್ದಕ್ಕೆ ಕೊರೆದ್ರೆ ಆರು ಅಡಿ ಮರ. ಚಿನ್ನದ ಪಟ್ಟೇನೂ ಹಲಗೆ ತರಾನೇ ನೆಲದಲ್ಲಿ ಓರೆಯಾಗಿ ನಿಂತಿರತ್ತೆ, ಡ್ರಿಲ್ ಅದರ ಜೊತೆ ಜೊತೆಗೇ ಇಳಿದ್ರೆ 38 ಮೀಟರ್ ಅಂತ ಕಾಣತ್ತೆ, ನಿಜವಾದ ದಪ್ಪ 5 ಮೀಟರ್ ಇರಬಹುದು. ಕ್ರಾಸ್ ಸೆಕ್ಷನ್ ಚಿತ್ರ ಹಾಕಿದ್ರೆ ನೋಡಿದ ತಕ್ಷಣ ಗೊತ್ತಾಗತ್ತೆ, ಹಾಕಿಲ್ಲ ಅಂದ್ರೆ ಯಾಕೆ ಅಂತ ಕೇಳಿ.

ದುಡ್ಡಿನ ಕಡೆನೂ ಒಂದು ಮಾತು. ಗಣಿ ಇಲ್ಲದ ಕಂಪನಿಗೆ ಆದಾಯ ಇರಲ್ಲ, ಡ್ರಿಲ್ ಮಾಡಬೇಕು ಅಂದ್ರೆ ಹೊಸ ಷೇರು ಮಾರಲೇಬೇಕು. ಈಗ 10 ಕೋಟಿ ಷೇರು ಇದ್ದು, ಹೊಸದಾಗಿ 2 ಕೋಟಿ ಮಾರಿ, ಪ್ರತಿಯೊಂದರ ಜೊತೆ ಒಂದೊಂದು ವಾರಂಟ್, ಅಂದ್ರೆ ಮುಂದೆ ಗೊತ್ತುಮಾಡಿದ ಬೆಲೆಗೆ ಇನ್ನೊಂದು ಷೇರು ಕೊಳ್ಳೋ ಹಕ್ಕು, ಕೊಟ್ರು ಅಂದ್ಕೊಳಿ, ಅವೆಲ್ಲ ಷೇರಾದ ದಿನ ಒಟ್ಟು 14 ಕೋಟಿ, ಮೊದಲು ನಿಮ್ಮದು ನೂರು ಪಾಲಿದ್ರೆ ಈಗ 71. ಇಂಥದ್ದು ನಾಲ್ಕು ಸಲ ಆದ್ರೆ ಚಿನ್ನ ನಿಜವಾಗಿ ಸಿಕ್ಕಿದ್ರೂ ನಿಮ್ಮ ಪಾಲಿಗೆ ಬರೋದು ಚೂರು. ಒಳ್ಳೆ ಪ್ರಕಟಣೆ ಬಂದ ಹತ್ತು ಹದಿನೈದು ದಿನಕ್ಕೆ ಷೇರು ಮಾರಾಟ ಘೋಷಣೆ ಆಯ್ತಾ ಅಂತ ಹಿಂದಿನ ಮೂರು ವರ್ಷದ್ದು ನೋಡಿ, ಪ್ರತೀ ಸಲಾನೂ ಹಂಗೇ ಆಗಿದ್ರೆ ನನಗಂತೂ ಇಷ್ಟ ಆಗಲ್ಲ.

ನಿಮ್ಮ ಭಾವನ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಹೇಳ್ತೀನಿ, ಬೇಡ. ಅವರು ಹಾಕ್ತಿರೋದು ಚಿನ್ನದ ಮೇಲಲ್ಲ, ನಿಮ್ಮ ಮೇಲೆ. ಷೇರು ನಿಮ್ಮ ಹೆಸರಲ್ಲಿರತ್ತೆ, ದುಡ್ಡು ಅವರದು, ಮುಳುಗಿದ್ರೆ ಅಕ್ಕನ ಮನೆಗೆ ಹಬ್ಬಕ್ಕೆ ಹೋಗೋದು ಹೆಂಗೆ. ಅವರಿಗೆ ಚಿನ್ನಾನೇ ಬೇಕು ಅಂದ್ರೆ ಚಿನ್ನಾನೇ ತಗೊಳ್ಳಲಿ, ಬೆಲೆ ಏರಿಳಿದ್ರೂ ಕೈಲಿ ಇರತ್ತೆ.

ನಿಮ್ಮ 18,000 ಬಗ್ಗೆ, ಮೋಸ ಅಂತ ಕೂಗಿ ಮಾರೋಕೂ ಇಳಿದಿದೆ ಅಂತ ಇನ್ನಷ್ಟು ತಗೊಳ್ಳೋಕೂ ಈಗ ಆಧಾರ ಇಲ್ಲ. ಇದು ಪೂರ್ತಿ ಹೋದ್ರೂ ಮನೆ ಕಂತು, ಮಕ್ಕಳ ಫೀಸು ನಿಲ್ಲಲ್ಲ ಅಂದ್ರೆ ಮಾತ್ರ ಇಟ್ಕೊಳಿ, ನಿಲ್ಲತ್ತೆ ಅಂದ್ರೆ ಇವತ್ತೇ ಅರ್ಧ ಹೊರಗೆ ತೆಗೀರಿ. ಆಮೇಲೆ ಕಂಪನಿಯ ಇನ್ವೆಸ್ಟರ್ ರಿಲೇಶನ್ಸ್‌ಗೆ ಒಂದು ಮೇಲ್ ಹಾಕಿ, ಷೇರುದಾರರಾಗಿ ಕೇಳೋ ಹಕ್ಕು ನಿಮಗಿದೆ. ಆ 130 ಗ್ರಾಂ ಮೀಟರ್‌ನ ಇನ್ನರ್ಧ ಕೋರ್ ಇಟ್ಕೊಂಡಿದೀರಾ, ಅದನ್ನ ಬೇರೆ ಲ್ಯಾಬಲ್ಲಿ ಸ್ಕ್ರೀನ್ ಫೈರ್ ಅಸ್ಸೇ ಮಾಡಿಸಿದೀರಾ, ಮಾಡಿಸಿದ್ರೆ ನಂಬರ್ ಎಷ್ಟು, ನಿಜವಾದ ದಪ್ಪ ಎಷ್ಟು, ಮುಂದಿನ ರಂಧ್ರ ಅದರಿಂದ ಎಷ್ಟು ದೂರದಲ್ಲಿ. ಒರಟು ಚಿನ್ನಕ್ಕೆ ಸ್ಕ್ರೀನ್ ಫೈರ್ ಅಸ್ಸೇ ಯಾಕೆ ಅಂದ್ರೆ ಮಾಮೂಲಿ ಪರೀಕ್ಷೇಲಿ ಪುಡಿಯಿಂದ 30 ಅಥವಾ 50 ಗ್ರಾಂ ಮಾತ್ರ ತಗೋತಾರೆ, ಇದರಲ್ಲಿ ಒಂದು ಕೆಜಿವರೆಗೂ ಜರಡಿ ಹಿಡಿದು ದಪ್ಪ ಕಣಗಳನ್ನ ಬೇರೆಯಾಗೇ ಅಳೀತಾರೆ, ಅಕ್ಕಿಕಾಳಿನ ಅದೃಷ್ಟದ ಆಟ ಸ್ವಲ್ಪ ಕಮ್ಮಿ ಆಗತ್ತೆ. ಪ್ರಾಮಾಣಿಕ ಕಂಪನಿ ಇದಕ್ಕೆ ಉತ್ತರ ಕೊಡತ್ತೆ, ಕೆಲವು ನಂಬರ್ ಇನ್ನೂ ಎಲ್ಲರಿಗೂ ಪ್ರಕಟ ಆಗಿಲ್ಲ, ಒಬ್ಬರಿಗೇ ಹೇಳೋ ಹಂಗಿಲ್ಲ ಅಂದ್ರೆ ಅದೂ ನ್ಯಾಯವಾದ ಉತ್ತರಾನೇ, ಆದರೆ ಕೋರ್ ಇಟ್ಕೊಂಡಿದೀರಾ ಇಲ್ವಾ ಅನ್ನೋದಕ್ಕೆ ಆ ನೆಪ ನಡೆಯಲ್ಲ.

ಇನ್ನೊಂದು ರಂಧ್ರ 25 ಮೀಟರ್ ಪಕ್ಕದಲ್ಲಿ ಹೊಡೆದು ಅದರಲ್ಲೂ ಅದೇ ಪಟ್ಟೆ ಸಿಕ್ಕಿ ಅಲ್ಲೂ ಹತ್ತಿಪ್ಪತ್ತು ಗ್ರಾಂ ಬಂದ್ರೆ ಆಗ ಮಾತೇ ಬೇರೆ. ಆ ಪ್ರಕಟಣೆ ಬಂದ ದಿನ ಅದೇ ಕಳೆಯೋ ಲೆಕ್ಕ ಮೊದಲು ಮಾಡಿ, ಆಮೇಲೆ ಬೇಕಾದ್ರೆ ನನಗೆ ಕಳಿಸಿ, ನಾನೂ ನೋಡ್ತೀನಿ.